ಊಟ ಮೊದಲು, ಭಜನೆ ಆಮೇಲೆ

ಪ್ರಶ್ನೆ: ನಾನು ಹುಬ್ಬಳ್ಳಿಯ ವಿದ್ಯಾನಗರದವನು, ಬ್ಯಾಂಕ್ ನೌಕರಿಯಿಂದ ನಿವೃತ್ತನಾಗಿದ್ದೇನೆ. ಪರಿಚಯದ ಭಕ್ತ ಮಂಡಳಿಯೊಂದು ರೈಲು ನಿಲ್ದಾಣದ ಸುತ್ತಮುತ್ತ ಮಲಗುವವರಿಗಾಗಿ ಆಶ್ರಯ ಕೇಂದ್ರ ನಡೆಸುತ್ತಿದೆ. ವಾರಕ್ಕೆ ಎರಡು ಸಂಜೆ ಸೇವೆಗೆ ಬನ್ನಿ ಎಂದು ಕರೆದಿದ್ದಾರೆ; ಕೆಲವು ಸಲ ಹೋಗಿಯೂ ಬಂದೆ. ಅಲ್ಲಿ ಭಜನೆ ಮುಗಿದ ಮೇಲೆಯೇ ಊಟ. ಮುಸ್ಲಿಂ ಹಿರಿಯರೊಬ್ಬರು ಅಷ್ಟು ಹೊತ್ತೂ ಗೇಟಿನ ಹೊರಗೆ ನಿಂತಿರುತ್ತಾರೆ. ನನಗಿದು ಸರಿ ಕಾಣುವುದಿಲ್ಲ, ಆದರೆ ಹೇಳಲು ಸಂಕೋಚ. ಕುಡಿದು ಬಂದವರನ್ನು ಒಳಗೆ ಬಿಡುವುದೇ ಇಲ್ಲ. ಊರಿಗೆ ಹೋಗುತ್ತೇನೆ ಎಂದ ಯುವಕನೊಬ್ಬನಿಗೆ 500 ರೂಪಾಯಿ ಕೊಟ್ಟೆ, ಆಮೇಲೆ ಅವನು ಕಾಣಿಸಲೇ ಇಲ್ಲ. ಬಡಿಸುವುದನ್ನು ಬಿಟ್ಟು ನನ್ನಂಥವನು ಅಲ್ಲಿ ಏನು ಮಾಡಬಹುದು? ಮನೆಯಲ್ಲಿ ಹೆಂಡತಿಗೆ ರೋಗ ತಗಲೀತೆಂಬ ಹೆದರಿಕೆ ಬೇರೆ.

ಉತ್ತರ: ಭಜನೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನಿಮ್ಮ ಕಸಿವಿಸಿ ನ್ಯಾಯವಾದದ್ದು. ಹಾಗೆಂದು ಮಂಡಳಿಯವರು ಕೆಟ್ಟವರಲ್ಲ. ಮಠದಲ್ಲಿ ಪೂಜೆ, ಮಂಗಳಾರತಿ ಮುಗಿದು ಪ್ರಸಾದಕ್ಕೆ ಕುಳಿತು ಬೆಳೆದವರು ಅವರು; ಇಲ್ಲಿಯೂ ಅದೇ ಕ್ರಮ ಅನುಸರಿಸಿದ್ದಾರೆ, ಅಷ್ಟೇ. ಆದರೆ ಮಠಕ್ಕೆ ಬರುವವನು ಭಕ್ತಿಯಿಂದ ಬರುತ್ತಾನೆ, ಆಶ್ರಯ ಕೇಂದ್ರಕ್ಕೆ ಬರುವವನು ಹಸಿದು ಬರುತ್ತಾನೆ. ಹಸಿದವನಿಗೆ ‘ಒಲ್ಲೆ’ ಎನ್ನುವ ಸ್ವಾತಂತ್ರ್ಯ ಇರುವುದಿಲ್ಲ. ಆ ಸ್ವಾತಂತ್ರ್ಯವಿಲ್ಲದವನನ್ನು ಕೂರಿಸಿ ಮಾಡಿಸಿದ ಭಜನೆ ದೇವರಿಗೆ ಎಷ್ಟು ಮುಟ್ಟುತ್ತದೋ ನಾನು ಹೇಳಲಾರೆ. ಕುಳಿತವನ ಮನಸ್ಸಿಗಂತೂ ಮುಟ್ಟುವುದಿಲ್ಲ.

ನಿಮ್ಮ ಊರಿನಲ್ಲೇ ಮಾದರಿಯಿದೆ. ಸಿದ್ಧಾರೂಢ ಮಠದ ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು ಪೂಜೆಗೆ ಬಂದಿದ್ದೆಯಾ ಎಂದು ಯಾರೂ ಕೇಳುವುದಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿ. ಪಂಚಾಕ್ಷರಿ ಗವಾಯಿಗಳು ಕಟ್ಟಿ ಪುಟ್ಟರಾಜ ಗವಾಯಿಗಳು ಬೆಳೆಸಿದ ಆ ಆಶ್ರಮ ಅಡಿಯಿಂದ ಮುಡಿಯವರೆಗೆ ಧಾರ್ಮಿಕವೇ. ಆದರೂ ಅದು ಅಂಧ ಮಕ್ಕಳಿಗೆ, ಅನಾಥರಿಗೆ ಕೊಟ್ಟದ್ದು ಊಟ, ನೆಲೆ ಮತ್ತು ಬದುಕಿನುದ್ದಕ್ಕೂ ಅನ್ನ ಹುಟ್ಟಿಸುವ ಸಂಗೀತ. ಧರ್ಮದ ನೆಲೆಯ ಸಂಸ್ಥೆಗಳ ಬಗ್ಗೆ ನನಗೆ ತಕರಾರಿಲ್ಲ, ಒಲವೇ ಇದೆ. ಯೋಜನೆಯ ಅನುದಾನ ಮಾರ್ಚ್ ಕೊನೆಗೆ ನಿಂತರೆ ಆ ದುಡ್ಡನ್ನೇ ನಂಬಿದ ಕೇಂದ್ರದ ಒಲೆಯೂ ಆರುತ್ತದೆ. ಭಕ್ತ ಮಂಡಳಿಯ ಒಲೆ ಆರುವುದಿಲ್ಲ. ಆ ಬಲವನ್ನು ಉಳಿಸಿಕೊಂಡೇ ಈ ಒಂದು ಕ್ರಮವನ್ನು ಬದಲಿಸಬೇಕು.

ಹೇಗೆ? ಪಂಕ್ತಿಯ ಎದುರಿಗೆ ಮಾತು ತೆಗೆಯಬೇಡಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆಯಲೇಬೇಡಿ. ಅಲ್ಲಿ ಬರೆದದ್ದು ಸಂಜೆಯೊಳಗೆ ಧರ್ಮದ ಜಗಳವಾಗಿರುತ್ತದೆ. ಕಾರ್ಯದರ್ಶಿಯವರ ಮನೆಗೆ ಹೋಗಿ, ಚಹಾ ಕುಡಿಯುತ್ತಾ, ಒಂದು ತಿಂಗಳ ಮಟ್ಟಿಗೆ ಹೀಗೆ ಮಾಡಿ ನೋಡೋಣವೇ ಎಂದು ಕೇಳಿ: ಏಳೂವರೆಗೆ ಊಟ, ಅದಾದ ಮೇಲೆ ಇಷ್ಟವಿದ್ದವರಿಗೆ ಭಜನೆ. ಕಾರಣವನ್ನು ಆರೋಗ್ಯದ ಕಡೆಯಿಂದ ಕೊಡಿ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟಕ್ಕೆ ಕಾಯುವವನಿಗೆ ಸಕ್ಕರೆ ಒಮ್ಮೆಲೇ ಇಳಿದು ಬವಳಿ ಬರಬಹುದು. ಬೆಳಗಿನಿಂದ ಮಾರುಕಟ್ಟೆಯಲ್ಲಿ ಮೂಟೆ ಹೊತ್ತವನ ಹೊಟ್ಟೆಯಲ್ಲಿ ಚಹಾ ಬಿಟ್ಟು ಬೇರೇನೂ ಇರುವುದಿಲ್ಲ. ಇವು ನಿಜವಾದ ಕಾರಣಗಳು. ಮಂಡಳಿಯವರು ಮುಖ ಉಳಿಸಿಕೊಂಡು ಒಪ್ಪಬಹುದಾದ ಕಾರಣಗಳೂ ಹೌದು. ಊಟದ ನಂತರದ ಭಜನೆಗೆ ಕುಳಿತವರು ಕಡಿಮೆಯಾದರೆ, ಹಿಂದೆ ಎಷ್ಟು ಜನ ಮನಸ್ಸಿನಿಂದ ಕೂರುತ್ತಿದ್ದರು ಎಂಬುದು ಮಂಡಳಿಗೇ ತಿಳಿಯುತ್ತದೆ.

ಅಲ್ಲಿಯವರೆಗೆ ಆ ಹಿರಿಯರ ವಿಷಯದಲ್ಲಿ ಒಂದು ಎಚ್ಚರ. ಕನಿಕರದಿಂದ ತಟ್ಟೆಯನ್ನು ಗೇಟಿನ ಹೊರಗೆ ಒಯ್ದು ಕೊಡಬೇಡಿ. ಎರಡು ದಿನ ಹಾಗೆ ಕೊಟ್ಟರೆ ಮೂರನೆಯ ದಿನ ಗೇಟಿನ ಹೊರಗೇ ಅವರ ಜಾಗವೆಂದು ಆಗಿಬಿಡುತ್ತದೆ. ನೀವೇ ಹೊರಗೆ ಹೋಗಿ ಅವರ ಜೊತೆ ಮಾತಾಡುತ್ತಾ ನಿಲ್ಲಿ, ಊಟದ ಹೊತ್ತಿಗೆ ಇಬ್ಬರೂ ಒಳಗೆ ಬಂದು ಒಂದೇ ಸಾಲಿನಲ್ಲಿ ಕುಳಿತು ಉಣ್ಣಿ. ಸ್ವಯಂಸೇವಕರು ಬಡಿಸಿ, ಕೈ ತೊಳೆದು, ಮನೆಗೆ ಹೋಗಿ ಉಣ್ಣುವ ರೂಢಿ ನನಗೆ ಹಿಡಿಸುವುದಿಲ್ಲ.

ಇನ್ನು ಏನು ಮಾಡಬಹುದು ಎಂಬ ಪ್ರಶ್ನೆ. ಬಡಿಸುವವರಿಗೆ ಬರವಿಲ್ಲ. ಹುಟ್ಟುಹಬ್ಬಕ್ಕೆ, ಹಿರಿಯರ ಪುಣ್ಯತಿಥಿಗೆ, ಶ್ರಾವಣಕ್ಕೆ ಹೋಳಿಗೆ, ಗೋಧಿ ಹುಗ್ಗಿ ಹಿಡಿದುಕೊಂಡು ಬರುವವರು ಬೇಕಾದಷ್ಟಿದ್ದಾರೆ. ಕಾಗದಪತ್ರ ಮಾಡಿಸಿಕೊಡುವವರು ಸಿಗುವುದಿಲ್ಲ. ನೀವು ಬ್ಯಾಂಕಿನವರು, ಆ ಕೆಲಸ ನಿಮಗಾಗಿಯೇ ಕಾದು ಕುಳಿತಂತಿದೆ.

ಬೀದಿಯಲ್ಲಿ ಮಲಗುವವನ ಚೀಲ ಕಳುವಾದರೆ ಅದರೊಂದಿಗೆ ಅವನ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಎಲ್ಲವೂ ಹೋಗುತ್ತವೆ. ಉತ್ಸಾಹದಲ್ಲಿ ಹೊಸ ಆಧಾರ್‌ಗೆ ಅರ್ಜಿ ಹಾಕಿಸುವ ಸ್ವಯಂಸೇವಕರಿದ್ದಾರೆ. ಹಿಂದೊಮ್ಮೆ ನೋಂದಣಿ ಆಗಿದ್ದರೆ ಬೆರಳಚ್ಚು ತಾಳೆಯಾಗಿ ಆ ಅರ್ಜಿ ತಿರಸ್ಕೃತವಾಗುತ್ತದೆ. ಮೊದಲು ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಹಳೆಯ ಸಂಖ್ಯೆಯನ್ನೇ ಹುಡುಕಿಸಿ. ನಿಜಕ್ಕೂ ನೋಂದಣಿಯಾಗದವರಿದ್ದರೆ, ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರ ನಡೆಯುತ್ತದೆ. ನಿಮ್ಮ ಕೇಂದ್ರಕ್ಕೆ ಮಾನ್ಯತೆ ಇದೆಯೇ ಎಂದು ಈಗಲೇ ಕೇಳಿ ಇಟ್ಟುಕೊಳ್ಳಿ.

ಬ್ಯಾಂಕ್ ಖಾತೆಯ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ, ಆದರೂ ಒಂದು ನೆನಪು. ಯಾವ ದಾಖಲೆಯೂ ಇಲ್ಲದವನು ಬ್ಯಾಂಕ್ ಅಧಿಕಾರಿಯ ಎದುರು ಫೋಟೊ ಕೊಟ್ಟು, ಸಹಿ ಅಥವಾ ಹೆಬ್ಬೆಟ್ಟು ಒತ್ತಿ ‘ಸಣ್ಣ ಖಾತೆ’ ತೆರೆಯಬಹುದು. ಖಾತೆಯಲ್ಲಿ ಇರುವ ಹಣ 50,000 ರೂಪಾಯಿ ದಾಟಬಾರದು, ತಿಂಗಳಿಗೆ ತೆಗೆಯುವುದು 10,000 ದಾಟಬಾರದು, ವರ್ಷದ ಜಮಾ ಒಂದು ಲಕ್ಷ ದಾಟಬಾರದು. 12 ತಿಂಗಳೊಳಗೆ ದಾಖಲೆಗೆ ಅರ್ಜಿ ಹಾಕಿರಬೇಕು. ಕೌಂಟರಿನಲ್ಲಿ ಕುಳಿತ ಹೊಸ ಹುಡುಗರಿಗೆ ಇದು ಗೊತ್ತಿರುವುದಿಲ್ಲ, ಮಾಸಿದ ಅಂಗಿಯವನು ಕೇಳಿದರೆ ಹೊರಗೆ ಕಳಿಸುತ್ತಾರೆ. ನಿವೃತ್ತ ಬ್ಯಾಂಕ್ ನೌಕರರು ಪಕ್ಕದಲ್ಲಿ ನಿಂತರೆ ಅದೇ ಕೌಂಟರಿನಲ್ಲಿ ಅದೇ ಕೆಲಸ ಆಗುತ್ತದೆ. ಅನ್ಯಾಯವೇ, ಆದರೆ ಸದ್ಯ ಬಳಸಿಕೊಳ್ಳೋಣ.

ಖಾತೆ ಆದರೆ ಬೇರೆ ಬಾಗಿಲುಗಳು ತೆರೆಯುತ್ತವೆ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. ಅಲ್ಲಿ ಮಲಗುವ ಅಜ್ಜ–ಅಜ್ಜಿಯರಲ್ಲಿ ಕೆಲವರಿಗೆ ಪಿಂಚಣಿ ಹಿಂದೆಯೇ ಮಂಜೂರಾಗಿ, ಆಧಾರ್ ಜೋಡಣೆ ಆಗಿಲ್ಲವೆಂದೋ ಊರು ಬಿಟ್ಟರೆಂದೋ ನಿಂತಿರುವ ಸಾಧ್ಯತೆಯಿದೆ, ನಾಡಕಚೇರಿಯಲ್ಲಿ ವಿಚಾರಿಸಿ. ಕ್ಷಯಕ್ಕೆ ಚಿಕಿತ್ಸೆ ಪಡೆಯುವವರಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಅದು ಬರುವುದೂ ಖಾತೆಗೇ. ಮತದಾರರ ಪಟ್ಟಿಗೆ ಸೇರಲು ವಸತಿರಹಿತರು ವಿಳಾಸದ ದಾಖಲೆ ಕೊಡಬೇಕಾಗಿಲ್ಲ. ನಮೂನೆ 6ರಲ್ಲಿ ತಾವು ಮಲಗುವ ಜಾಗ ಬರೆದರೆ ಮತಗಟ್ಟೆ ಅಧಿಕಾರಿ ರಾತ್ರಿ ಬಂದು ಅಲ್ಲಿ ಮಲಗಿರುವುದನ್ನು ನೋಡಿ ಖಚಿತಪಡಿಸಿಕೊಳ್ಳಬೇಕು. ಹೆಸರು ಪಟ್ಟಿಯಲ್ಲಿ ಇದ್ದರೆ ವಾರ್ಡಿನ ಸದಸ್ಯರ ಕಿವಿ ಸ್ವಲ್ಪ ಚುರುಕಾಗುತ್ತದೆ ಎಂಬುದು ನಿಮಗೂ ಗೊತ್ತು.

ಆದರೆ ಮೊದಲ ದಿನವೇ ನೋಟ್‌ಬುಕ್ ಹಿಡಿದು ಕೂರಬೇಡಿ. ಹೆಸರು ಬರೆದುಕೊಳ್ಳುವವರನ್ನು ಕಂಡರೆ ಇವರಲ್ಲಿ ಅನೇಕರು ಹೆದರುತ್ತಾರೆ, ಕಾರಣವಿದೆ. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ, 1975ರ ಪ್ರಕಾರ ಭಿಕ್ಷೆ ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕಳಿಸಬಹುದು. (ನಿಮ್ಮ ಮನೆಯ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ, ತೆರಿಗೆಯ ಮೇಲೆ ಶೇಕಡಾ 3ರಷ್ಟು ಭಿಕ್ಷುಕರ ಉಪಕರ ಇರುತ್ತದೆ. ಅಂದರೆ ನೀವು ಈ ಸೇವೆಗೆ ಹೊರಡುವ ಎಷ್ಟೋ ಮೊದಲೇ ಇದಕ್ಕೆ ದುಡ್ಡು ಕೊಡುತ್ತಿದ್ದೀರಿ.) ಆಶ್ರಯ ಕೇಂದ್ರಕ್ಕೆ ತಾವಾಗಿ ಬರುತ್ತಾರೆ, ತಾವಾಗಿ ಹೋಗುತ್ತಾರೆ, ಪರಿಹಾರ ಕೇಂದ್ರ ಹಾಗಲ್ಲ. ಹೊರಗಿನಿಂದ ಎರಡೂ ಒಂದೇ ಕಾಣುವುದರಿಂದ ಹೆದರಿಕೆ. ಬಡಿಸುವಾಗಿನ ಫೋಟೊ ತೆಗೆಯುವುದನ್ನು ನಿಲ್ಲಿಸಲು ಮಂಡಳಿಗೆ ಹೇಳಬೇಕಾದುದೂ ಇದಕ್ಕೇ. ಮಗಳ ಮನೆಯಲ್ಲಿದ್ದೇನೆ ಎಂದು ಊರವರಿಗೆ ಹೇಳಿ ಬಂದ ಅಜ್ಜಿ ತಟ್ಟೆ ಹಿಡಿದ ಚಿತ್ರ ಫೇಸ್‌ಬುಕ್‌ನಲ್ಲಿ ಬಂದರೆ ಅವರು ಮತ್ತೆ ಆ ಬಾಗಿಲಿಗೆ ಬರುವುದಿಲ್ಲ.

ಊರು ಕೇಳುವುದಕ್ಕೂ ಒಂದು ಬಗೆಯಿದೆ. ಹುಬ್ಬಳ್ಳಿ ಜಂಕ್ಷನ್; ಒಡಿಶಾದವರೂ ಆಂಧ್ರದವರೂ ರೈಲಿನಲ್ಲಿ ಬಂದು ಇಳಿದುಬಿಟ್ಟಿರುತ್ತಾರೆ. ಮನಸ್ಸು ಕದಡಿದವರಿಗೆ ‘ಯಾವ ಊರು’ ಎಂದರೆ ಉತ್ತರ ಬರುವುದಿಲ್ಲ, ಬಂದರೂ ದಿನಕ್ಕೊಂದು ಊರು. ನಿಮ್ಮ ಊರಿನ ಸಂತೆ ಯಾವ ವಾರ, ಜಾತ್ರೆ ಯಾವ ದೇವರದು, ಹೊಳೆ ಯಾವುದು, ಎಂಥ ಬೆಳೆ ಬೆಳೆಯುತ್ತೀರಿ ಎಂದು ಕೇಳಿ. ಸಂತೆಯ ವಾರವನ್ನು ಮನುಷ್ಯ ಬೇಗ ಮರೆಯುವುದಿಲ್ಲ. ಅವರದೇ ಭಾಷೆ ಬಲ್ಲವರು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ರೈಲ್ವೆಯಲ್ಲಿ ಎಲ್ಲ ಭಾಷೆಯ ನೌಕರರೂ ಇದ್ದಾರೆ.

ಮಾನಸಿಕ ಕಾಯಿಲೆ ಇದ್ದಂತೆ ಕಂಡರೆ ಮಂಡಳಿಯೇ ಮದ್ದು ಹುಡುಕಬಾರದು, ಮಂತ್ರಿಸುವುದಂತೂ ಬೇಡವೇ ಬೇಡ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 100ನೇ ಕಲಂ ಪ್ರಕಾರ ಹೀಗೆ ಅಲೆಯುವವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಪೊಲೀಸರ ಕರ್ತವ್ಯ. ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಮನೆಯಿಲ್ಲದವರಾದರೆ ಕಾಣೆಯಾದವರ ಪ್ರಕರಣ ದಾಖಲಿಸಿ ಕುಟುಂಬವನ್ನು ಹುಡುಕುವ ಹೊಣೆ ಠಾಣಾಧಿಕಾರಿಯದು. ನಿಮಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರವೇ ಇದೆ; ರಾಜ್ಯದ ಎಷ್ಟೋ ಜಿಲ್ಲೆಗಳಿಗೆ ಈ ಅನುಕೂಲವಿಲ್ಲ.

ಈಗ ಕುಡಿತ. ಕುಡಿದವರನ್ನು ಒಳಗೆ ಬಿಡಬಾರದೆಂಬ ನಿಯಮದ ಹಿಂದಿನ ಭಯ ನನಗೆ ಅರ್ಥವಾಗುತ್ತದೆ. ಒಬ್ಬ ಗಲಾಟೆ ಮಾಡಿದರೆ ಮೂವತ್ತು ಜನರ ನಿದ್ದೆ ಹಾಳು; ಹೆಂಗಸರಿದ್ದರಂತೂ ನಿಯಮ ಬೇಕೇ ಬೇಕು. ಆದರೆ ಡಿಸೆಂಬರಿನ ಚಳಿಯಲ್ಲೋ ಜುಲೈನ ಜಡಿಮಳೆಯಲ್ಲೋ ಹೊರಗೆ ಕಳಿಸಿದ ಮನುಷ್ಯ ಬೆಳಗಿಗೆ ಸತ್ತಿದ್ದರೆ ನಿಯಮದ ಪುಸ್ತಕ ಯಾರನ್ನೂ ಕಾಯುವುದಿಲ್ಲ. ನಾನು ಕಂಡ ಒಳ್ಳೆಯ ಕೇಂದ್ರಗಳು ಗಲಾಟೆಯನ್ನು ತಡೆಯುತ್ತವೆ, ವಾಸನೆಯನ್ನಲ್ಲ. ಜಗುಲಿಯಲ್ಲಿ ಬೇರೆ ಚಾಪೆ, ಒಂದು ಕೌದಿ, ರಾತ್ರಿ ಒಂದೆರಡು ಸಲ ನೋಡಿ ಬರುವ ಒಬ್ಬರು, ಇಷ್ಟು ಸಾಕು. ಅಂಗಾತ ಮಲಗಿಸಬೇಡಿ, ವಾಂತಿಯಾದರೆ ಉಸಿರು ಕಟ್ಟುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಅಲುಗಿಸಿದರೂ ಎಚ್ಚರವಾಗದಿದ್ದರೆ, ಉಸಿರು ನಿಧಾನವಾಗಿ ಗೊರಗೊರ ಎನ್ನುತ್ತಿದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಇದಕ್ಕಿಂತ ಅಪಾಯ ಇನ್ನೊಂದಿದೆ, ಧಾರ್ಮಿಕ ಕೇಂದ್ರಗಳಲ್ಲಿ ಹೆಚ್ಚು. ವರ್ಷಗಟ್ಟಲೆ ದಿನವೂ ಕುಡಿದವನು ಸ್ವಾಮೀಜಿಯ ಮಾತಿಗೆ ಕರಗಿ, ರುದ್ರಾಕ್ಷಿ ಮುಟ್ಟಿ, ಇಂದಿನಿಂದ ಬಿಟ್ಟೆ ಎನ್ನುತ್ತಾನೆ. ಎಲ್ಲರೂ ಕೈ ಮುಗಿಯುತ್ತಾರೆ. ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು ಶುರುವಾಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಗೋಡೆಯ ಮೇಲೆ ಇಲ್ಲದ ಹುಳು ಕಾಣಬಹುದು, ಮಾತು ಅಸಂಬದ್ಧವಾಗಬಹುದು. ಇದು ಜೀವ ತೆಗೆಯುವ ಸ್ಥಿತಿ. ‘ದೇವರು ಬಂದಿದೆ’, ‘ಗಾಳಿ ಸೋಕಿದೆ’ ಎಂದು ಕೂರಿಸಿಕೊಂಡರೆ ಕೈ ಮೀರುತ್ತದೆ. ಬಿಡುವ ಮನಸ್ಸು ಮಾಡಿದವನನ್ನು ಮೊದಲ ದಿನವೇ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೋ ಡಿಮ್ಹಾನ್ಸ್‌ಗೋ ಕರೆದೊಯ್ಯಿರಿ. ಆಣೆ ಆಮೇಲೆ ಬೇಕಾದರೆ ಮಾಡಿಸಲಿ.

ನಿಮ್ಮ 500 ರೂಪಾಯಿಯ ವಿಷಯ. ಆ ಹುಡುಗ ಮೋಸಗಾರನೆಂದು ನೀವು ತಿಳಿದಂತಿದೆ, ಇರಬಹುದು. ನಿಜವಾಗಿ ಊರಿಗೆ ಹೋಗಿರಲೂಬಹುದು. ಮೂರನೆಯದೂ ಒಂದಿದೆ: ದುಡ್ಡು ಬೇರೆ ಯಾವುದಕ್ಕೋ ಖರ್ಚಾಗಿ, ನಿಮಗೆ ಮುಖ ತೋರಿಸಲು ನಾಚಿ ಅವನು ಕೇಂದ್ರಕ್ಕೆ ಬರುವುದನ್ನೇ ಬಿಟ್ಟಿರಬಹುದು. ನಿಮಗೆ 500 ನಷ್ಟ, ಅವನಿಗೆ ಊಟ ಮತ್ತು ಮಲಗುವ ಜಾಗ ನಷ್ಟ. ಸ್ವಯಂಸೇವಕ ಕೈಯಿಂದ ನಗದು ಕೊಡಬಾರದು ಎನ್ನುವುದು ಇದಕ್ಕೇ. ಸಾಲವಾಗಿ ಕೊಡುವುದಂತೂ ಇನ್ನೂ ಕೆಟ್ಟದ್ದು. ಊರಿಗೆ ಹೋಗುವವರಿಗೆ ಟಿಕೆಟ್ ತೆಗೆಸಿಕೊಡಿ, ಅದೂ ಮಂಡಳಿಯ ಖಾತೆಯಿಂದ, ನಿಮ್ಮ ಹೆಸರಿನಲ್ಲಲ್ಲ. ಸಾಧ್ಯವಾದರೆ ಮೊದಲು ಊರಿನ ಮನೆಗೊಂದು ಫೋನ್ ಮಾಡಿಸಿ. ಅಲ್ಲಿಂದ ‘ಕಳಿಸಬೇಡಿ’ ಎಂಬ ಉತ್ತರವೂ ಬರುತ್ತದೆ, ಸಿದ್ಧರಾಗಿರಿ.

ಜಾಗದ ಬಗ್ಗೆ ಒಂದು ಲೆಕ್ಕ. 2024ರಲ್ಲಿ ಅವಧಿ ಮುಗಿದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ ತಲೆಗೆ 50 ಚದರ ಅಡಿ ಎಂದಿತ್ತು. 20ಕ್ಕೆ 30 ಅಡಿಯ ಸಭಾಂಗಣದಲ್ಲಿ ಹನ್ನೆರಡು ಜನ ಮಲಗಬೇಕು. ಮಂಡಳಿಗಳು ನಲವತ್ತು ಚಾಪೆ ಹಾಸುತ್ತವೆ. ಒಂದು ಲಕ್ಷ ಜನಸಂಖ್ಯೆಗೆ 100 ಜನರಿಗಾದರೂ ಆಶ್ರಯವಿರಬೇಕು, ಅದು ಹಗಲೂ ರಾತ್ರಿ ವರ್ಷವಿಡೀ ತೆರೆದಿರಬೇಕು ಎಂಬುದೂ ಅಲ್ಲಿತ್ತು. 2011ರ ಜನಗಣತಿಯಲ್ಲೇ ಹುಬ್ಬಳ್ಳಿ–ಧಾರವಾಡ 9.43 ಲಕ್ಷ. ಅಂದರೆ 900ಕ್ಕೂ ಹೆಚ್ಚು ಜನರಿಗೆ ಜಾಗ ಬೇಕು. ಮಂಡಳಿಯವರು ಇದನ್ನು ಪಾಲಿಕೆಯ ಎದುರು ಇಟ್ಟು ಕಟ್ಟಡ, ನೀರು, ಶೌಚಾಲಯ ಕೇಳಬಹುದು. ದಾನಿಗಳ ಹಿಂದೆಯೇ ಓಡಬೇಕಿಲ್ಲ.

ಊಟದ ಬಗ್ಗೆ ಎರಡೇ ಮಾತು. ಹಲ್ಲಿಲ್ಲದವರಿಗೆ ಕಟಕು ರೊಟ್ಟಿ ಹಾಕಿ ಪುಣ್ಯ ಬರುವುದಿಲ್ಲ, ನುಚ್ಚು ಅಥವಾ ಮೆತ್ತಗಿನ ಅನ್ನ ಇರಲಿ. ಮದುವೆ ಮನೆಯಲ್ಲಿ ಉಳಿದದ್ದು ಮಧ್ಯಾಹ್ನದಿಂದ ಮುಚ್ಚಿಟ್ಟದ್ದಾದರೆ ಯಾರ ಮನಸ್ಸು ನೊಂದರೂ ಸರಿ, ಬೇಡವೆನ್ನಿ. ಹಲವು ದಿನ ಏನೂ ತಿನ್ನದೆ ಬಂದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಬಡಿಸುವುದೂ ಅಪಾಯ. ಸ್ವಲ್ಪ ಸ್ವಲ್ಪ ಕೊಟ್ಟು ವೈದ್ಯರಿಗೆ ತೋರಿಸಿ.

ಹೆಂಗಸರು ಮಲಗುವ ಕಡೆಗೆ ನೀವು ಹೋಗಬೇಡಿ, ಸೊಳ್ಳೆಬತ್ತಿ ಕೊಡುವುದಕ್ಕೂ ಬೇಡ. ಒಂಟಿ ಮಗು ಬಂದರೆ ರಾತ್ರಿ ಇಟ್ಟುಕೊಂಡು ನೋಡೋಣ ಎನ್ನುವಂತಿಲ್ಲ. ಕೂಡಲೇ 1098ಕ್ಕೆ ತಿಳಿಸಿ. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಎದುರು ಹಾಜರುಪಡಿಸಬೇಕು.

ನಿಮ್ಮ ಮನೆಯವರ ಹೆದರಿಕೆಗೆ ಪೂರ್ತಿ ಆಧಾರವಿಲ್ಲ ಎನ್ನಲಾರೆ. ಕ್ಷಯ ಗಾಳಿಯಿಂದ ಹರಡುತ್ತದೆ, ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ಜೊತೆಗಿದ್ದರೆ. ತಟ್ಟೆ ಮುಟ್ಟಿದರೆ, ಕೈ ಹಿಡಿದರೆ ಬರುವುದಿಲ್ಲ. ಕಿಟಕಿಗಳನ್ನು ತೆರೆಸಿ, ಎರಡು ವಾರ ದಾಟಿದ ಕೆಮ್ಮಿದ್ದವರನ್ನು ಕಫ ಪರೀಕ್ಷೆಗೆ ಕಳಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ನಿಮಗೆ ನಿಜವಾಗಿ ತಗಲಬಹುದಾದದ್ದು ತುರಿಕಜ್ಜಿ. ರಾತ್ರಿ ಹೆಚ್ಚಾಗುವ ತುರಿಕೆ, ಬೆರಳ ಸಂದಿಯಲ್ಲಿ ಗುಳ್ಳೆ ಕಂಡರೆ ವೈದ್ಯರು ಶೇಕಡಾ 5ರ ಪರ್ಮೆಥ್ರಿನ್ ಮುಲಾಮು ಕೊಡುತ್ತಾರೆ. ಕುತ್ತಿಗೆಯಿಂದ ಕೆಳಗೆ ಮೈಯೆಲ್ಲ ಹಚ್ಚಿ, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಸ್ನಾನ. ವಾರ ಬಿಟ್ಟು ಇನ್ನೊಮ್ಮೆ. ಕೇಂದ್ರದಲ್ಲಿ ಒಬ್ಬನಿಗೆ ಮಾತ್ರ ಹಚ್ಚಿದರೆ ದಂಡ, ಒಟ್ಟಿಗೆ ಮಲಗುವ ಎಲ್ಲರಿಗೂ ಒಂದೇ ದಿನ ಹಚ್ಚಬೇಕು. ಸೇವೆಗೆಂದೇ ಎರಡು ಜೊತೆ ಬಟ್ಟೆ ಇಟ್ಟುಕೊಳ್ಳಿ, ಮನೆಗೆ ಬಂದೊಡನೆ ಬಿಸಿನೀರಿಗೆ ಹಾಕಿ.

ಎರಡು ಸಂಜೆಗಳನ್ನು ಆರಿಸುವಾಗ ಸೋಮವಾರ, ಅಮಾವಾಸ್ಯೆ, ಭಾನುವಾರ ಬಿಡಿ. ಆ ದಿನಗಳಲ್ಲಿ ಭಕ್ತರೇ ತುಂಬಿರುತ್ತಾರೆ. ಮಂಗಳವಾರ, ಗುರುವಾರ ಕೇಳಿ. ಬ್ಯಾಂಕ್ ತೆರೆದಿರುವ ಒಂದು ಬೆಳಗನ್ನೂ ತಿಂಗಳಿಗೆ ಎರಡು ಸಲ ಇದಕ್ಕೆಂದು ಎತ್ತಿಡಿ, ಖಾತೆ ಮತ್ತು ನಾಡಕಚೇರಿಯ ಕೆಲಸ ಸಂಜೆ ಆಗುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸ್ವಯಂಸೇವಕರು ಕಡಿಮೆಯಾಗುತ್ತಾರೆ, ಮಲಗಲು ಬರುವವರು ಹೆಚ್ಚಾಗುತ್ತಾರೆ. ಮಗನ ಮನೆಗೆಂದು ಬೆಂಗಳೂರಿಗೆ ಹೋಗುವುದಿದ್ದರೆ ಆ ತಿಂಗಳುಗಳನ್ನು ಬಿಟ್ಟು ಹೋಗಿ ಬನ್ನಿ.